ಬಾಯಿ ಅವರದು, ಮೀಟರು ನನ್ನದು

ಮಾತು ಮಾರುವ ಅಂಗಡಿ ಇಟ್ಟವನ ಬದುಕಿನಲ್ಲಿ ತಕರಾರು ಇಲ್ಲದ ದಿನ ಅಂತ ಇರುವುದಿಲ್ಲ. ಕಿರಾಣಿ ಅಂಗಡಿಯವನು ರೊಕ್ಕ ತಗೊಂಡರೆ ಗಿರಾಕಿ ಸಕ್ಕರೆಯನ್ನಾದರೂ ಮನೆಗೆ ಒಯ್ಯುತ್ತಾನೆ. ನನ್ನ ಅಂಗಡಿಯಲ್ಲಿ ಗಿರಾಕಿ ತನ್ನದೇ ಬಾಯಿ, ತನ್ನದೇ ಮಾತು, ತನ್ನದೇ ಬೀಗರು ಅಂತ ಹೊಟ್ಟೆತುಂಬ ಮಾತಾಡಿ, ಬರಿಗೈಯಲ್ಲಿ ಹೊರಗೆ ಬಂದು, ಮೇಲೆ ನನಗೆ ರೊಕ್ಕ ಕೊಡಬೇಕು. ಸಿಟ್ಟು ಬರದೆ ಇರುತ್ತದೆಯೇ? ಬರುತ್ತಿತ್ತು. ರೇಟು ಗೊತ್ತುಮಾಡಿದವರು ದೂರ ಎಲ್ಲೋ ಫ್ಯಾನಿನ ಕೆಳಗೆ ಕೂತಿರುತ್ತಿದ್ದರು, ಬೈಗುಳಕ್ಕೆ ನಾನು ಕೈಗೆ ಸಿಗುತ್ತಿದ್ದೆ.

ಎಂಬತ್ತರ ದಶಕದಲ್ಲಿ ನಾನು ಲಿಂಗಸುಗೂರಿನ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಆಮೇಲೆ ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು ಹಾಕಿದೆ. ಕಡೆಗೆ ಸಿಂಧನೂರಿಗೆ ಬಂದೆ. ಊರು ಮೂರಾದರೂ ಜಗಳ ಒಂದೇ.

ಐದುನೂರಪ್ಪನ ತಮ್ಮ

ಲಿಂಗಸುಗೂರಿನ ನಮ್ಮ ಸಾವ್ಕಾರರಿಗೆ ಟ್ರಂಕ್ ಕಾಲ್ ಅಂದರೆ ಮೈ ಉರಿಯುತ್ತಿತ್ತು. ಮುಂಜಾನೆ ಎಕ್ಸ್‌ಚೇಂಜಿಗೆ ಹೇಳಿಟ್ಟರೆ ಮಧ್ಯಾಹ್ನ ಲೈನ್ ಸಿಗುವ ಕಾಲ ಅದು. ಜಲ್ದಿ ಬೇಕೆಂದರೆ ದುಪ್ಪಟ್ಟು ಚಾರ್ಜು, ಮಿಂಚಿನ ಹಾಗೆ ಬೇಕೆಂದರೆ ಅದರ ಎಷ್ಟೋ ಪಟ್ಟು. "ಕಾಯಿಸಿದ್ದಕ್ಕ ಅವರು ನಮಗ ಕೊಡಬೇಕು. ಕಾಯಿಸಲಾರದಕ್ಕ ನಾವು ಅವರಿಗೆ ಕೊಡಾಕತ್ತೀವಿ. ಇದು ವ್ಯಾಪಾರೋ, ಲೂಟಿಯೋ?" ಅಂತ ದಿನಾ ಒಂದು ಸಲ ಅನ್ನುತ್ತಿದ್ದರು.

ಪಿ.ಪಿ. ಕಾಲ್ ಅಂತ ಒಂದಿತ್ತು. ಇಂಥವರೇ ಬೇಕು ಅಂತ ಹೆಸರು ಹೇಳಿದರೆ, ಆ ಮನುಷ್ಯ ಅಲ್ಲಿದ್ದರೆ ಮಾತ್ರ ಪೂರಾ ಚಾರ್ಜು. ಇಲ್ಲದಿದ್ದರೆ ಸಣ್ಣದೊಂದು ಫೀ ಅಷ್ಟೇ. ಇದು ತಿಳಿದ ದಿನ ಸಾವ್ಕಾರರ ಮುಖ ಅರಳಿತು. ಆದೋನಿಯ ಹತ್ತಿ ಖರೀದಿದಾರನ ಜೊತೆ ಮೊದಲೇ ಮಾತಾಡಿಕೊಂಡರು. ಹತ್ತಿಯ ರೇಟೇ ಮನುಷ್ಯನ ಹೆಸರು. ಹೆಸರಿನ ಮೇಲೆಯೇ ಚೌಕಾಸಿ, ಫೀ ಮಾತ್ರ ಖರ್ಚು.

ಮಧ್ಯಾಹ್ನ ಲೈನ್ ಬಂತು. ನಮ್ಮೂರ ಎಕ್ಸ್‌ಚೇಂಜಿನ ಹೆಣ್ಣುಮಗಳು ಆದೋನಿಯವರನ್ನು ಕೇಳಿದಳು, "ಐದುನೂರಪ್ಪ ಅದಾರೇನ್ರಿ?"

ಆ ಕಡೆಯಿಂದ ಜವಾಬು ಬಂತು. "ಐದುನೂರಪ್ಪ ಇಲ್ಲಮ್ಮ. ಅವನ ತಮ್ಮ ನಾನೂರ ಎಂಬತ್ತಪ್ಪ ಇದಾನೆ."

ಸಾವ್ಕಾರರು ಈ ಕಡೆಯಿಂದ, "ಅವ ಬ್ಯಾಡವ್ವ. ನಡುವಿನಂವ ನಾನೂರ ತೊಂಬತ್ತಪ್ಪ ಬಂದಾನೇನು ಕೇಳು" ಅಂದರು.

ಆ ಕಡೆಯವನು, "ಹೂಂ, ಈಗ ಬಂದ. ಬಾಗಿಲಲ್ಲೇ ನಿಂತಿದಾನೆ" ಅಂದ.

ಸೌದಾ ಮುಗಿಯಿತು. ಸಾವ್ಕಾರರು ಗೆದ್ದವರ ಹಾಗೆ, "ಬಂದಾನಲ್ಲ, ಸಾಕು. ಮಾತಾಡಾದೇನೂ ಇಲ್ಲ, ಇಡವ್ವ" ಅಂದರು.

ಆಕೆ ಅಷ್ಟೇ ಸಮಾಧಾನದಿಂದ ಹೇಳಿದಳು, "ಬಂದಾನ ಅಂದ್ರ ಕಾಲ್ ಆತ್ರಿ ಸಾವ್ಕಾರ್ರ. ನೀವು ಮಾತಾಡ್ರಿ, ಬಿಡ್ರಿ. ಮೂರು ಮಿನಿಟಿಂದು ಪೂರಾ ಚಾರ್ಜು."

ಸಾವ್ಕಾರರ ಮುಖ ಕೆಂಪಾಯಿತು. "ಹಂಗಾರ ಮೂರು ಮಿನಿಟ್‌ನ್ಯಾಗ ಒಂದು ಸೆಕೆಂಡೂ ಬಿಡಂಗಿಲ್ಲ, ಕೊಡು ಲೈನು" ಅಂತ ಹಟ ಹಿಡಿದು ಮಾತಿಗೆ ಕೂತರು. ಆದೋನಿಯ ಮಳೆ ಕೇಳಿದರು, ಅವನ ಮೊಣಕಾಲು ನೋವು ಕೇಳಿದರು, ತಮ್ಮ ಎಮ್ಮೆ ಕರು ಹಾಕಿದ್ದು ಹೇಳಿದರು. ಎರಡು ಮಿನಿಟಿಗೆ ಮಾತು ತೀರಿಹೋಯಿತು. ಇಬ್ಬರು ವ್ಯಾಪಾರಿಗಳು ಮಾತಿಲ್ಲದೆ ಎಷ್ಟು ಹೊತ್ತು ಇದ್ದಾರು? ಮತ್ತೆ ಹತ್ತಿಗೇ ಬಂದರು. ಆ ಕಡೆಯವನು ತೇವ ಅಂದ, ಕಸ ಅಂದ, ಕಾಳು ಅಂದ. ಫೋನು ಕೆಳಗಿಡುವ ಹೊತ್ತಿಗೆ ನಾನೂರ ತೊಂಬತ್ತಪ್ಪ ಬಾಗಿಲಿಂದಲೇ ತಿರುಗಿ ಹೋಗಿದ್ದ. ಒಳಗೆ ಬಂದು ಕೂತವನು ನಾನೂರ ಎಂಬತ್ತೈದಪ್ಪ.

ಕೊಸರು

ಮಸ್ಕಿಯಲ್ಲಿ ನಾನು ಬೂತು ಹಾಕಿದ ಹೊಸತು. ಸಂತೆಯ ದಿನ ಗುರುಗುಂಟಾ ಕಡೆಯ ಒಬ್ಬ ಕುರಿ ವ್ಯಾಪಾರಿ ಬಂದ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆ ಅಡಿಕೆ. ಹೈದರಾಬಾದಿನ ಖರೀದಿದಾರನ ಜೊತೆ ಮಾತಾಡಬೇಕಿತ್ತು.

"ಮಾತು ಹೆಂಗ ಕೊಡ್ತಿ?" ಅಂತ ಕೇಳಿದ.

"ಹೆಂಗ ಅಂದ್ರ, ಕಾಕಾ?"

"ತೂಕದ ಲೆಕ್ಕೋ, ಎಣಿಕಿ ಲೆಕ್ಕೋ?"

ಮಿನಿಟಿನ ಲೆಕ್ಕ ಅಂದೆ. ಒಳಗೆ ಹೋಗಿ, ಫೋನಿಲ್ಲದೆಯೂ ಹೈದರಾಬಾದಿಗೆ ಕೇಳಿಸುವ ಹಾಗೆ ಮಾತಾಡಿದ. ಹೊರಗೆ ಬಂದು ಮಶೀನಿನಿಂದ ಬಂದ ಚೀಟಿಯ ಪ್ರಕಾರ ಸುಮ್ಮನೆ ರೊಕ್ಕ ಕೊಟ್ಟ. ಇಂಥ ಗಿರಾಕಿ ಸಾವಿರಕ್ಕೊಬ್ಬ ಅಂತ ನಾನು ಒಳಗೊಳಗೇ ಹಿಗ್ಗುತ್ತಿದ್ದರೆ, ಅವನು ಜಾಗ ಬಿಟ್ಟು ಕದಲಲಿಲ್ಲ.

"ಮತ್ತೇನು ಕಾಕಾ?"

"ಕೊಸರು."

"ಫೋನಿಗೆ ಎಲ್ಲಿ ಕೊಸರು?"

ಅವನಿಗೆ ಸಿಟ್ಟು ಬಂತು. "ಪಾವುಶೇರು ಮೆಣಸಿನಕಾಯಿ ತಗೊಂಡ್ರ ಮ್ಯಾಲ ನಾಕು ಕಾಯಿ ಒಗೀತಾರ. ನಾ ಕುರಿ ಮಾರಿದ್ರ ಹಗ್ಗ ಪುಕ್ಕಟೆ ಬಿಡ್ತೀನಿ. ಇಷ್ಟು ರೊಕ್ಕ ಎಣಿಸಿಕೊಂಡೀಯಲ್ಲ, ನೀ ಏನು ಬಿಡ್ತಿ?"

"ಇದು ಸರಕಾರದ ರೇಟು."

"ಸರಕಾರಕ್ಕ ಹಗ್ಗ ಬಿಡಾದು ಗೊತ್ತಿಲ್ಲೇನು?"

ಹಿಂದೆ ನಿಂತ ನಾಲ್ಕು ಮಂದಿ "ಖರೇ ಹೇಳ್ತಾನ, ಖರೇ ಹೇಳ್ತಾನ" ಅನ್ನತೊಡಗಿದರು. ಅವರಿಗೂ ಕೊಸರಿನ ಆಸೆ ಹುಟ್ಟಿದ್ದು ಕಣ್ಣಲ್ಲೇ ಕಾಣುತ್ತಿತ್ತು. ಈ ರೋಗ ಹಬ್ಬುವ ಮೊದಲು ಇವನನ್ನು ಸಾಗಹಾಕೋಣ ಅಂತ, "ಆಗಲಿ, ಊರೊಳಗಿನ ಒಂದು ಫೋನು ಪುಕ್ಕಟೆ ಮಾಡಿಕೋ" ಅಂದೆ.

ಮಸ್ಕಿಯಲ್ಲಿ ಅವನಿಗೆ ಗೊತ್ತಿದ್ದ ಯಾರ ಮನೆಯಲ್ಲೂ ಫೋನಿರಲಿಲ್ಲ. ಆದರೆ ಕೊಸರು ಬಿಟ್ಟು ಹೋಗುವ ಪೈಕಿಯಲ್ಲ ಅವನು. ಬೂತಿನ ಮೇಲೆ ಬರೆಸಿದ್ದ ಬೋರ್ಡು ನೋಡಿ, "ಅಲ್ಲಿ ಬರದೀಯಲ್ಲ, ಆ ನಂಬರಿಗೆ ಹಚ್ಚು" ಅಂದ.

"ಅದು ಇದೇ ಫೋನಿನ ನಂಬರು, ಕಾಕಾ."

"ಇರವಲ್ದ್ಯಾಕ. ಹಚ್ಚು."

ಸಾಲು ಬೆಳೆಯುತ್ತಿತ್ತು. ಹಚ್ಚಿಕೊಟ್ಟೆ. ತನ್ನ ನಂಬರಿಗೆ ತಾನೇ ಹಚ್ಚಿದರೆ ಬರುವುದು ಎಂಗೇಜ್ ಸದ್ದು. ಅವನು ಅದನ್ನು ಪೂರ್ತಿ ಕೇಳಿ, ಫೋನು ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ, "ನಿನ್ನ ಅಂಗಡಿಗೆ ಫೋನ್ ಹಚ್ಚಿದ್ರ ಲೈನು ಖಾಲಿ ಇಲ್ಲ, ಅಷ್ಟು ಗಿರಾಕಿ. ಅಂಥಾದ್ರಾಗ ಒಂದು ಕೊಸರು ಕೊಡಾಕ ಇಷ್ಟು ಅಳ್ತಿ."

ಅರ್ಧ ಟಿಕೇಟು

ಅದೇ ಮಸ್ಕಿ ಬೂತಿಗೆ ಒಬ್ಬಾಕೆ ಮಗುವನ್ನು ಸೊಂಟಕ್ಕೆ ಹೊತ್ತು ಬರುತ್ತಿದ್ದಳು. ಗಂಡ ಪುಣೆಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಫೋನನ್ನು ಮಗುವಿನ ಕಿವಿಗೇ ಹಿಡಿದಳು. ಆ ಕಡೆಯಿಂದ ಅಪ್ಪ "ಉಂಡಿಯಾ?" ಅನ್ನುತ್ತಿದ್ದ. ಮಗು ಹೌದೆಂದು ತಲೆ ಆಡಿಸುತ್ತಿತ್ತು. "ಸಾಲಿಗೆ ಹೋಗ್ತೀಯಾ?" ಇಲ್ಲವೆಂದು ತಲೆ ಆಡಿಸುತ್ತಿತ್ತು. ಪುಣೆಯಲ್ಲಿ ಅಪ್ಪ "ಹಲೋ, ಹಲೋ" ಅಂತ ಒದರುತ್ತಿದ್ದ, ಮೀಟರು ತನ್ನಷ್ಟಕ್ಕೆ ತಾನು ಓಡುತ್ತಿತ್ತು.

ಚೀಟಿ ಕೊಟ್ಟರೆ ಆಕೆ ಅದರಲ್ಲಿ ಅರ್ಧ ರೊಕ್ಕ ಮೇಜಿನ ಮೇಲೆ ಇಟ್ಟಳು. "ಮಾತಾಡಿದ್ದು ಸಣ್ಣ ಕೂಸು. ಬಸ್ಸಿನ್ಯಾಗ ಅರ್ಧ ಟಿಕೇಟು ತಗೊಂತಾರ."

"ಮೀಟರಿಗೆ ಕೂಸು, ದೊಡ್ಡವರು ಗೊತ್ತಾಗಂಗಿಲ್ಲ ತಂಗಿ."

"ಕಂಡಕ್ಟರ್‌ಗೆ ಗೊತ್ತಾಗ್ತೈತಿ, ಮೀಟರಿಗೆ ಗೊತ್ತಾಗಂಗಿಲ್ಲಂದ್ರ ಆ ಮೀಟರ್ ತಗದು ಒಬ್ಬ ಕಂಡಕ್ಟರ್‌ನ ಕುಂದರಸ್ರಿ."

ಹುಡುಗಿ ಒಪ್ಪಿದಾಳೆ

ಮಸ್ಕಿಯಲ್ಲಿ ರಿಟೈರಾದ ಒಬ್ಬ ಮಾಸ್ತರರಿದ್ದರು. "ಹಲೋ" ಅನ್ನುವುದಕ್ಕೆ ರೊಕ್ಕ ಯಾಕೆ ಅನ್ನುವುದು ಅವರ ತಕರಾರು. "ಹಲೋ ಅನ್ನೋದು ವಿಷಯವಲ್ಲ, ಬರೀ ಬಾಗಿಲು ಬಡಿಯೋದು. ಬಾಗಿಲು ಬಡಿದಿದ್ದಕ್ಕೆ ಯಾರಾದ್ರೂ ದುಡ್ಡು ಇಸಗೊಂತಾರೇನ್ರಿ?" ಅಂತ ಪಾಠ ಹೇಳುವ ಧಾಟಿಯಲ್ಲಿ ಕೇಳುತ್ತಿದ್ದರು. ಮೀಟರಿಗೆ ಅದು ತಿಳಿಯುವುದಿಲ್ಲ ಅಂದೆ. ಆದ್ದರಿಂದ ಅವರು ಹಲೋ ಅನ್ನುವುದನ್ನೇ ಬಿಟ್ಟರು. ಆ ಕಡೆ ಫೋನೆತ್ತಿದ ಕೂಡಲೇ ತಂತಿ ಕಳಿಸಿದ ಹಾಗೆ ನಾಲ್ಕು ಮಾತು ಹೇಳಿ ಇಟ್ಟುಬಿಡುತ್ತಿದ್ದರು. ಮೀಟರು ಎರಡನೇ ಸಲ ಹೊರಳುವುದರೊಳಗೆ ಹೊರಗೆ ಬಂದು, ನನ್ನನ್ನು ಸೋಲಿಸಿದವರ ಹಾಗೆ ನಗುತ್ತಿದ್ದರು.

ಅವರ ಮಗಳನ್ನು ಬಳ್ಳಾರಿಯ ಕಡೆಯವರು ನೋಡಿಕೊಂಡು ಹೋಗಿದ್ದರು. ಹುಡುಗನಿಗೆ ಮನಸ್ಸಾಗಿತ್ತು. "ನಿಮ್ಮ ಹುಡುಗಿಯನ್ನ ಕೇಳಿ ವಾರದೊಳಗೆ ಫೋನ್ ಮಾಡ್ರಿ" ಅಂದಿದ್ದರು. ಮಗಳು ಹೂಂ ಅಂದ ದಿನವೇ ಮಾಸ್ತರರು ಬೂತಿಗೆ ಬಂದರು. ನಾನು ನಂಬರು ಹಚ್ಚಿಕೊಟ್ಟೆ. ಆ ಕಡೆ ಯಾರೋ ಎತ್ತಿದರು.

"ಹುಡುಗಿ ಒಪ್ಪಿದಾಳೆ. ಗುರುವಾರ ಹಿರಿಯರನ್ನ ಕರಕೊಂಡು ಬರ್ರಿ. ಊಟ ನಮ್ಮಲ್ಲೇ. ಇಡ್ತೀನಿ."

"ಆತ್ರಿ," ಅಂತು ಆ ಕಡೆಯ ದನಿ.

ಮಾಸ್ತರರು ಹೊರಗೆ ಬಂದು, "ನೋಡಿದ್ರ್ಯಾ? ಒಂದು ಮದುವೆ ಒಂದೇ ಕಾಲ್‌ನ್ಯಾಗ" ಅಂದರು.

ಗುರುವಾರ ಅವರ ಮನೆಯಲ್ಲಿ ಹೋಳಿಗೆ ಬೇಯಿಸಿದರು, ಜಮಖಾನೆ ಹಾಸಿದರು. ಮಗಳು ಹೊಸ ಸೀರೆ ಉಟ್ಟು ಕೂತಳು. ಹೊತ್ತು ಮುಳುಗಿದರೂ ಬಳ್ಳಾರಿಯಿಂದ ಒಬ್ಬರೂ ಬರಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬಂದು "ಯಾಕ, ಏನಾತು?" ಅಂತ ಕೇಳಿಹೋದರು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಮಾಸ್ತರರು ಸಿಟ್ಟಿನಿಂದ ನನ್ನ ಬೂತಿಗೆ ಬಂದರು. ಹೆಣ್ಣು ಹೆತ್ತವರಿಗೆ ಹೀಗೆ ಅವಮಾನ ಮಾಡುವವರನ್ನು ಫೋನಿನಲ್ಲೇ ವಿಚಾರಿಸಿಕೊಳ್ಳುವುದಿತ್ತು. ಅದೇ ನಂಬರು ಹಚ್ಚಿದೆ.

ಈ ಸಲ ಎತ್ತಿದವರು ಹುಡುಗನ ತಂದೆ. ಮಾಸ್ತರರಿಗಿಂತ ಅವರಿಗೇ ಹೆಚ್ಚು ಸಿಟ್ಟಿತ್ತು. "ವಾರ ಆತು, ನಿಮ್ಮದೊಂದು ಫೋನಿಲ್ಲ. ಬ್ಯಾಡ ಅನ್ನಂಗಿದ್ರ ಬ್ಯಾಡ ಅನ್ನಬೇಕು. ನಾವು ನಾಳೆ ಬೇರೆ ಹುಡುಗಿ ನೋಡಾಕ ಹೊಂಟೀವಿ."

ಮೊದಲ ಸಲ ಫೋನ್ ಮಾಡಿದ ದಿನ ಲೈನ್ ಅಡ್ಡಾದಿಡ್ಡಿ ಕೂಡಿತ್ತು. ಆಗೆಲ್ಲ ನಂಬರು ಸರಿಯಾಗಿ ಹಚ್ಚಿದರೂ ಯಾರದೋ ಮನೆಗೆ ಹೋಗುತ್ತಿತ್ತು. ಹಲೋ, ಯಾರು ಮಾತಾಡೋದು, ಅಂತ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಮಾಸ್ತರರು ಕ್ಷಮೆ ಕೇಳಿದರು, ವಿವರಿಸಿದರು, ಲೈನ್ ಕಟ್ಟಾದಾಗಲೆಲ್ಲ ಮತ್ತೆ ಹಚ್ಚಿಸಿ "ಹಲೋ, ಹಲೋ, ಬೀಗ್ರೇ" ಅಂತ ಗೋಗರೆದರು. ಹಿಂದಿನ ಹಲೋಗಳ ಬಾಕಿಯೂ ಸೇರಿ ಹೊರಬಿದ್ದ ಹಾಗಿತ್ತು. ಕೊನೆಗೆ ಬೀಗರು ಒಪ್ಪಿದರು. ಮದುವೆಯೂ ಆಯಿತು.

ಆ ದಿನ ರೊಕ್ಕ ಕೊಡುವಾಗ ಮಾಸ್ತರರ ಸಿಟ್ಟು ಇಳಿದಿತ್ತು, ಚಿಂತೆ ಹತ್ತಿತ್ತು. "ಇದು ಹೋಗ್ಲಿ ಬಿಡ್ರಿ. ಅವತ್ತು ಯಾವನೋ 'ಆತ್ರಿ' ಅಂದನಲ್ಲ, ಅವ ಗುರುವಾರ ಹಿರಿಯರನ್ನ ಕರಕೊಂಡು ಯಾರ ಮನಿ ಊಟಕ್ಕ ಹೋದ ಅಂತೀನಿ."

ಅಳುವಿಗೂ ಮೀಟರು

ಸಿಂಧನೂರಿಗೆ ಬಂದ ಮೇಲಿನ ಮಾತಿದು. ಇದರಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಜವಳಗೇರಾದಲ್ಲಿ ಭತ್ತ ನಾಟಿಗೆ ಹೋಗುತ್ತಿದ್ದ ಒಬ್ಬ ಮುದುಕಿ. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದಳು. ಅಲ್ಲಿ ಮಗಳ ಮನೆಯ ಎದುರಿನ ಅಂಗಡಿಗೆ ಫೋನು ಬಂದಿದೆಯೆಂದು ಗೊತ್ತಾಗಿ, ನಂಬರು ಬರೆಸಿಕೊಂಡು ಬಂದಳು. ಹಚ್ಚಿಕೊಟ್ಟೆ. ಅಂಗಡಿಯವನು ಮಗಳನ್ನು ಕರೆದ. ಮಗಳು "ಯವ್ವಾ" ಅಂದಳು. ಮುದುಕಿ "ಯವ್ವಾ" ಅಂದಳು. ಅಷ್ಟೇ. ಆಮೇಲೆ ಇಬ್ಬರೂ ಅತ್ತರು. ನಾನು ಗಾಜಿನ ಹೊರಗೆ ಕೂತಿದ್ದೆ. ಮೀಟರಿನ ಕೆಂಪು ಅಂಕಿ ಹೊರಳುತ್ತಲೇ ಇತ್ತು, ಒಳಗಿಂದ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು, "ಎಷ್ಟಾತೋ ಯಪ್ಪಾ?" ಅಂದಳು. ಹೇಳಿದೆ.

"ಯಾವುದರದು? ನಾ ಮಾತೇ ಆಡಿಲ್ಲಲ್ಲ."

"ಲೈನ್ ಹಿಡಕೊಂಡಿದ್ಯಲ್ಲ ಯಮ್ಮಾ."

"ಅಳಾಕೂ ರೊಕ್ಕ ತಗೊಂತಾರೇನು? ಹಂಗಾರ ಸತ್ತೋರ ಮನಿ ಮುಂದ ಒಂದೊಂದು ಮೀಟರ್ ಇಡ್ರಂತ ಹೇಳು, ಭಾಳ ರೊಕ್ಕ ಆಗ್ತಾವ."

ನನಗೆ ತಲೆ ಎತ್ತಲು ಆಗಲಿಲ್ಲ. ಆ ಮೀಟರು ಮಾಡಿದವನಿಗೆ ಹಡೆದ ತಾಯಿ ಇದ್ದಾಳೋ ಇಲ್ಲವೋ ಅಂತ ಮನಸ್ಸಿನಲ್ಲೇ ಬೈದೆ. ಮುದುಕಿ ರೊಕ್ಕ ಕೊಟ್ಟೇ ಹೋದಳು, ಬೈದುಕೊಳ್ಳುತ್ತಲೇ.

ನಾಟಿ ಮುಗಿದ ಮೇಲೆ ಮತ್ತೆ ಬಂದಳು. ಕಣ್ಣು ಕೆಂಪಗೆ, ರೆಪ್ಪೆ ಊದಿಕೊಂಡಿದ್ದವು. ನನಗೆ ಗಾಬರಿಯಾಯಿತು. "ಏನಾತು ಯಮ್ಮಾ? ಮಗಳು ಆರಾಮ ಅದಾಳಿಲ್ಲೋ?"

"ಅದಾಳ. ಅಳಾದು ಇತ್ತಲ್ಲ, ಮನ್ಯಾಗ ಮುಗಿಸಿಕೊಂಡು ಬಂದೀನಿ" ಅಂದಳು. "ಆಕಿಗೂ ಅತ್ತು ಬಾ ಅಂತ ಹೇಳಿಕಳಿಸೀನಿ. ಇನ್ನ ಬರೇ ಮಾತಿಗಷ್ಟ ಮೀಟರ್ ಹಚ್ಚು."

ಅಣ್ಣನ ಮನೆಯ ದಾರಿ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಸಿಂಧನೂರಿನ ಒಬ್ಬ ರೈಸ್‌ಮಿಲ್ ಸಾವ್ಕಾರರು ಹೈದರಾಬಾದಿನಿಂದ ಮೊಬೈಲ್ ಫೋನು ತಂದರು. ಸಿಂಧನೂರಿನಲ್ಲಿ ಅದು ನಡೆಯುತ್ತಿರಲಿಲ್ಲ. ಸಿಗ್ನಲ್ ಅನ್ನುವುದು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆದರೂ ಅವರು ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಮದುವೆ, ಮುಂಜಿ, ತೊಟ್ಟಿಲಿಗೆ ಹೋಗುತ್ತಿದ್ದರು. ಅದರ ಬೆಲೆ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಆ ರೊಕ್ಕಕ್ಕೆ ಜೋಡೆತ್ತು ಬರುತ್ತಿತ್ತು.

ಅದು ಜೀವ ತಾಳುತ್ತಿದ್ದದ್ದು ಅವರು ಅಕ್ಕಿ ವ್ಯಾಪಾರಕ್ಕೆ ಹೈದರಾಬಾದಿಗೆ ಹೋದಾಗ ಮಾತ್ರ. ಅಲ್ಲಿಂದ ಬಂದ ಮೇಲೆ ನನ್ನ ಬೂತಿನಲ್ಲಿ ಕೂತು ಹೊಟ್ಟೆಯುರಿ ತೋಡಿಕೊಳ್ಳುತ್ತಿದ್ದರು. "ನಾ ಫೋನ್ ಮಾಡಿದ್ರ ನನಗ ಬೀಳ್ತೈತಿ, ಅದು ನ್ಯಾಯ. ಮಂದಿ ನನಗ ಮಾಡಿದ್ರೂ ನನಗ ಬೀಳ್ತೈತಿ. ನಮ್ಮ ಮನಿಗೆ ಯಾರರ ಬಂದು ನಮ್ಮನ್ನ ಬೈದು ಹೋದ್ರ ನಾವ ಅವರ ಬಸ್ ಚಾರ್ಜ್ ಕೊಡಬೇಕೇನು?" ನನಗೂ ಇದು ಅನ್ಯಾಯ ಅನ್ನಿಸುತ್ತಿತ್ತು. ಎಸ್‌ಟಿಡಿ ಮೀಟರು ಎಷ್ಟೇ ಕೆಟ್ಟದ್ದಾದರೂ ಒಂದೇ ಕಡೆ ಓಡುತ್ತಿತ್ತು.

ಒಂದು ಮಧ್ಯಾಹ್ನ ಅವರು ಹೈದರಾಬಾದಿನಿಂದ ನನ್ನ ಬೂತಿಗೆ ಫೋನ್ ಮಾಡಿದರು. ಒಂದೇ ಉಸಿರಿಗೆ ಹೇಳಿದರು: "ನಮ್ಮ ಮನ್ಯಾಕಿನ್ನ ಕರಸ್ರಿ. ಆಕಿ ಅಣ್ಣನ ಮನಿಗೆ ಹೊಂಟೀನಿ, ದಾರಿ ಗೊತ್ತಾಗವಲ್ದು. ಆಕಿನ್ನ ಇಲ್ಲಿಗೆ ಫೋನ್ ಮಾಡಾಕ ಹಚ್ರಿ. ನಾ ಮಾಡಿದ್ರ ಭಾಳ ಬೀಳ್ತೈತಿ, ಬಂದದ್ದಕ್ಕ ಸ್ವಲ್ಪ ಕಡಿಮಿ." ಇಟ್ಟರು.

ಅವರ ಮನೆ ಹಿಂದಿನ ಓಣಿಯಲ್ಲೇ ಇತ್ತು. ಹೇಳಿಕಳಿಸಿದೆ. ಆ ಅಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿದ ಕೂಡಲೇ ಹುಬ್ಬು ಮೇಲೇರಿತು. "ಲಗ್ನ ಆಗಿ ಇಷ್ಟು ವರ್ಷ ಆತು, ನಮ್ಮಣ್ಣನ ಮನಿ ಹೊಸ್ತಿಲ ತುಳಿದವರಲ್ಲ. ಇವತ್ತ್ಯಾಕ?"

"ಅಕ್ಕಿ ಖರೀದಿ ಮಾಡೋರು ನಿಮ್ಮಣ್ಣಾರಿಗೆ ಗುರುತಂತ್ರಿ," ಅಂದೆ. ಆ ಸುದ್ದಿ ಮಿಲ್ಲಿನವರೇ ನನಗೆ ಹೇಳಿದ್ದರು.

"ಹಂಗನ್ನು," ಅಂದು ಒಳಗೆ ಹೋದಳು. ನಂಬರು ಹಚ್ಚಿಕೊಟ್ಟೆ. ಸೆಕೆ ಅಂತ ಬೂತಿನ ಬಾಗಿಲು ತೆರೆದೇ ಇತ್ತು.

"ಹಲೋ. ಎಲ್ಲಿ ನಿಂತೀರಿ? ಬಿಸಿಲಾಗ? ಮಸೂತಿ ಕಾಣ್ತೈತೇನು? ಅದರ ಬಾಜೂಕ…" ಅಂತ ದಾರಿ ಹೇಳತೊಡಗಿದಳು. ಆ ಕಡೆಯಿಂದ ಸಾವ್ಕಾರರ ದನಿ ನನಗೂ ಕೇಳಿಸಿತು. "ಜಲ್ದಿ ಹೇಳು, ಜಲ್ದಿ ಹೇಳು, ರೊಕ್ಕ ಓಡಾಕತ್ತಾವ."

ಆಕೆ ಫೋನಿನ ಬಾಯಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು. "ಫೋನ್ ಮಾಡಿದಾಕಿ ನಾನು. ರೊಕ್ಕ ಇಲ್ಲಿ ಓಡ್ತಾವ. ಅವರ್ಯಾಕ ಸಂಕಟ ಪಡ್ತಾರ?"

"ಅವರಿಗೂ ಬೀಳ್ತೈತ್ರಿ ಅಮ್ಮಾರ. ಆ ಫೋನಿಗೆ ಹಂಗ ಐತಿ. ನೀವು ಹೇಳಿದ್ದಕ್ಕ ಇಲ್ಲಿ, ಅವರು ಕೇಳಿದ್ದಕ್ಕ ಅಲ್ಲಿ."

"ಕೇಳಿದ್ದಕ್ಕೂ?"

"ಹೌದ್ರಿ. ಮಿನಿಟ್ ಲೆಕ್ಕ."

ಆಕೆ ಬೂತಿನೊಳಗಿನ ಸ್ಟೂಲು ಎಳೆದುಕೊಂಡು ಕೂತಳು. ಸೆರಗು ಸರಿ ಮಾಡಿಕೊಂಡಳು. ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದಳು.

"ಕೇಳಾಕತ್ತೀರಿಲ್ಲೋ? ದಾರಿ ಆಮ್ಯಾಲ ಹೇಳ್ತೀನಿ. ಇಟ್ಟೀರಿ ಮತ್ತ, ಅಲ್ಲೇ ಬಿಸಿಲಾಗ ನಿಂದರಬೇಕಾಗ್ತೈತಿ. ಮದಲ ಇದು ಹೇಳ್ರಿ. ನಮ್ಮ ಲಗ್ನದಾಗ ನಮ್ಮಣ್ಣ ಕೊಟ್ಟ ವಾಚು ಸಣ್ಣದಾತು ಅಂತ ಮಂದಿ ಮುಂದ ಏನಂದ್ರಿ?"

ಅಲ್ಲಿಂದ ಶುರುವಾಯಿತು. ವಾಚು ಆಯಿತು. ನಾದಿನಿಗೆ ಕೊಡಿಸಿದ ಬಳೆ ಆಯಿತು. ಆಕೆ ತವರಿಗೆ ಹೊರಟಾಗಲೆಲ್ಲ ಮಿಲ್ಲಿನಲ್ಲಿ ಕೆಲಸ ಬೀಳುತ್ತಿದ್ದದ್ದು ಬಂತು. ಅಡಿಗೆ ಮನೆಯ ಸೋರುವ ತಗಡು ಬಂತು. ಆಕೆ ಕೂಗಲಿಲ್ಲ, ಅಳಲಿಲ್ಲ, ತರಾತುರಿ ಮಾಡಲಿಲ್ಲ. ಒಂದೊಂದನ್ನೇ ಬಿಡಿಸಿ, ಅವರು ಹೂಂ ಅನ್ನುವ ತನಕ ಕಾದು, ಮುಂದಿನದನ್ನು ತೆಗೆಯುತ್ತಿದ್ದಳು. ಆ ಕಡೆಯಿಂದ "ಹೂಂ, ಹೂಂ, ತಪ್ಪಾತು, ತಗಡು ಹಾಕಸ್ತೀನಿ, ದಾರಿ ಹೇಳು" ಅನ್ನುವುದು ಕೇಳಿಸುತ್ತಿತ್ತು. ಬೂತಿನ ಹೊರಗೆ ಸಾಲಿನಲ್ಲಿದ್ದವರು ತಮ್ಮ ಫೋನು ಮರೆತು ನಿಂತಿದ್ದರು.

ನಾನು ಮೀಟರು ನೋಡಿದೆ. ಇಷ್ಟು ರೊಕ್ಕ ಕೇಳಿದರೆ ನಾಳೆ ಸಾವ್ಕಾರರು ನನ್ನ ಬೂತಿನ ಬೋರ್ಡು ಕಿತ್ತುಹಾಕುವುದು ಖಂಡಿತ. ಮೆಲ್ಲಗೆ ಹೇಳಿದೆ, "ಅಮ್ಮಾರ, ಈ ಕಡಿಗೂ ಭಾಳ ಓಡೈತ್ರಿ. ಸಾಕು ಮಾಡ್ರಿ."

ಆಕೆ ಮತ್ತೆ ಫೋನಿನ ಬಾಯಿ ಮುಚ್ಚಿ ನನ್ನ ಕಡೆ ನೋಡಿದಳು.

"ಸುಮ್ಮನಿರಪ್ಪ. ಇಷ್ಟು ವರ್ಷ ಪುಕ್ಕಟೆ ಹೇಳೀನಿ, ಒಂದು ದಿನ ಕಿವಿಗೆ ಹಾಕ್ಕೊಂಡ ಮನುಷ್ಯಾ ಅಲ್ಲ. ಇವತ್ತ ರೊಕ್ಕ ಕೊಟ್ಟು ಕೇಳಾಕತ್ಯಾರ. ಹೆಂಗ ಬಿಡ್ಲಿ ಹೇಳು?"